ಶ್ವಾಸರೋಗದ ತಾರತಮ್ಯವೂ ರಕ್ತದ ಸೂಚಕಗಳೂ

ನ್ಯಾಯಶಾಸ್ತ್ರಕ್ಕೆ ಕಾಲಿಡುವ ವಿದ್ಯಾರ್ಥಿಗೆ ಮೊದಲು ಹೇಳಿಕೊಡುವ ಅನುಮಾನವು ಬೆಟ್ಟದ ಮೇಲಣ ಹೊಗೆಯನ್ನು ಕುರಿತದ್ದು. ಹೊಗೆಯಿಂದ ಬೆಂಕಿಯನ್ನು ಊಹಿಸುವಾಗ ದೃಷ್ಟಾಂತವಾಗಿ ತೋರಿಸುವುದು ಅಡುಗೆಮನೆಯನ್ನು. ಕೊಳ್ಳೇಗಾಲ, ಹನೂರು, ಯಳಂದೂರುಗಳ ಸೀಮೆಯಲ್ಲಿ ಈ ಬೆಟ್ಟವೂ ಉಂಟು, ಈ ಅಡುಗೆಮನೆಯೂ ಉಂಟು. ಅನಿಲದ ಒಲೆಯು ಬಂದಿದ್ದರೂ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡುಗಳಲ್ಲಿಯೂ ಮಲೆಯ ಮಹದೇಶ್ವರನ ಬೆಟ್ಟದ ಸುತ್ತಣ ಹಳ್ಳಿಗಳಲ್ಲಿಯೂ ಸೌದೆಯ ಒಲೆ ಇನ್ನೂ ಆರಿಲ್ಲ. ಮಾದಪ್ಪನ ಕಥೆಯನ್ನು ರಾತ್ರಿಯೆಲ್ಲ ಹಾಡುವ ಕಂಸಾಳೆಯವರ ನಾಡಿನಲ್ಲಿ ಉಸಿರೆಂಬುದು ಎಷ್ಟು ದೊಡ್ಡ ಸೊತ್ತೆಂಬುದನ್ನು ವಾಚಕರಿಗೆ ಹೇಳಬೇಕಾದುದಿಲ್ಲ. ಆ ಉಸಿರು ಕುಂದುತ್ತಿರುವುದನ್ನು ಒಂದು ತೊಟ್ಟು ರಕ್ತದಿಂದ ಅರಿಯಬಹುದೇ ಎಂಬುದು ಇಲ್ಲಿಯ ವಿಚಾರ.

ಚರಕಸಂಹಿತೆಯು ಶ್ವಾಸವನ್ನು ಮಹಾ, ಊರ್ಧ್ವ, ಛಿನ್ನ, ತಮಕ, ಕ್ಷುದ್ರ ಎಂದು ಐದು ಬಗೆಯಾಗಿ ವಿಭಾಗಿಸಿ, ಅದರ ಕಾರಣಗಳಲ್ಲಿ ಧೂಳನ್ನೂ ಹೊಗೆಯನ್ನೂ ಎಣಿಸುತ್ತದೆ. ಈಗಿನ ವೈದ್ಯರು ಸಿಓಪಿಡಿ ಎಂದು ಕರೆಯುವ ದೀರ್ಘಕಾಲಿಕ ಶ್ವಾಸಕೋಶರೋಗವು ಇವುಗಳಲ್ಲಿ ಯಾವುದೊಂದರೊಡನೆಯೂ ಪೂರ್ಣವಾಗಿ ಸಮನಾಗದು. ಇದರಲ್ಲಿ ಉಸಿರ್ನಾಳಗಳು ಬಹುಕಾಲದ ಉರಿಯೂತದಿಂದ ಕಿರಿದಾಗುತ್ತವೆ. ಗಾಳಿಯ ಗೂಡುಗಳ ಗೋಡೆಗಳು ನಶಿಸುತ್ತವೆ. ಒಳಗೆ ಹೋದ ಗಾಳಿಯು ಸರಾಗವಾಗಿ ಹೊರಬರಲಾರದು. ೧೯೯೦ ರಲ್ಲಿ ಭಾರತದಲ್ಲಿ ಇಂಥ ರೋಗಿಗಳು ಸುಮಾರು ೨.೮೧ ಕೋಟಿಯಿದ್ದರೆಂದೂ ೨೦೧೬ ರಲ್ಲಿ ೫.೫೩ ಕೋಟಿಯಾದರೆಂದೂ ೨೦೧೮ ರಲ್ಲಿ ಪ್ರಕಟವಾದ ಗಣನೆಯು ತಿಳಿಸುತ್ತದೆ. ಬೀಡಿ ಸಿಗರೇಟುಗಳನ್ನು ಮುಟ್ಟದ ಹೆಂಗಸರೂ ಇವರಲ್ಲಿ ಅನೇಕರು.

ರೋಗದ ತಾರತಮ್ಯವನ್ನು ಅಳೆಯುವ ಮುಖ್ಯ ಸಾಧನವು ಸ್ಪೈರೊಮೀಟರೆಂಬ ಶ್ವಾಸಮಾಪಕ. ಲಂಡನ್ನಿನ ಜಾನ್ ಹಚಿನ್ಸನ್ನನು ೧೮೪೬ ರಲ್ಲಿ ಇದರ ವಿವರವನ್ನು ಪ್ರಕಟಿಸಿದನು. ಉಸಿರ್ನಾಳವನ್ನು ಸಡಿಲಿಸುವ ಔಷಧವನ್ನು ಕೊಟ್ಟ ಮೇಲೆಯೂ, ರೋಗಿಯು ಬಲವಾಗಿ ಬಿಟ್ಟ ಒಟ್ಟು ಗಾಳಿಯಲ್ಲಿ ಮೊದಲ ಸೆಕೆಂಡಿನ ಪಾಲು ನೂರಕ್ಕೆ ೭೦ ಕ್ಕಿಂತ ಕಡಮೆಯಾದರೆ ರೋಗವುಂಟೆಂದು ನಿರ್ಣಯ. ಬಳಿಕ ಆ ಮೊದಲ ಸೆಕೆಂಡಿನ ಗಾಳಿಯನ್ನು ಅದೇ ವಯಸ್ಸು ಎತ್ತರಗಳ ಆರೋಗ್ಯವಂತರ ಪ್ರಮಾಣಕ್ಕೆ ಹೋಲಿಸಿ, ನೂರಕ್ಕೆ ೮೦, ೫೦, ೩೦ ಎಂಬ ಗಡಿಗಳಿಂದ ನಾಲ್ಕು ದರ್ಜೆಗಳನ್ನು ಮಾಡುತ್ತಾರೆ. ಆದರೆ ಈ ಯಂತ್ರವೂ ಇದನ್ನು ನಡೆಸಬಲ್ಲವರೂ ಕಾಡಂಚಿನ ಊರುಗಳಲ್ಲಿ ಸುಲಭವಾಗಿ ದೊರೆಯುವುದಿಲ್ಲ. ರಕ್ತವನ್ನಾದರೋ ಸಣ್ಣ ಸೀಸೆಯಲ್ಲಿ ತೆಗೆದು ಪಟ್ಟಣಕ್ಕೆ ಕಳುಹಿಸಬಹುದು. ಮೇಲಾಗಿ ಒಂದೇ ದರ್ಜೆಯ ಇಬ್ಬರಲ್ಲಿ ಒಬ್ಬನು ವರ್ಷಗಟ್ಟಲೆ ನೆಮ್ಮದಿಯಿಂದಿರುತ್ತಾನೆ. ಮತ್ತೊಬ್ಬನು ಮೇಲಿಂದ ಮೇಲೆ ಆಸ್ಪತ್ರೆಯನ್ನು ಸೇರುತ್ತಾನೆ. ಈ ಭೇದವನ್ನು ಶ್ವಾಸಮಾಪಕವೊಂದೇ ಹೇಳಲಾರದು. ಆದುದರಿಂದಲೇ ರಕ್ತದಲ್ಲಿ ಗುರುತುಗಳ ಅನ್ವೇಷಣೆ.

ಈ ಗುರುತನ್ನು ಏನೆಂದು ಕರೆಯಬೇಕು? ರೋಗವನ್ನು ಆಪ್ತೋಪದೇಶ, ಪ್ರತ್ಯಕ್ಷ, ಅನುಮಾನಗಳೆಂಬ ಮೂರರಿಂದ ಅರಿಯಬೇಕೆಂದು ಚರಕನ ಮತ. ರಕ್ತದ ಗುರುತು ಅನುಮಾನದ ಹೇತು. ಶಾಸ್ತ್ರದಲ್ಲಿ ಇದಕ್ಕೆ ಲಿಂಗವೆಂಬ ಹೆಸರೂ ಉಂಟು. ಲಕ್ಷಣವೆಂದರೆ ವಸ್ತುವನ್ನು ಉಳಿದವುಗಳಿಂದ ಬೇರ್ಪಡಿಸುವ ಅಸಾಧಾರಣ ಧರ್ಮವಾದುದರಿಂದ ಆ ಪದವು ಇಲ್ಲಿಗೆ ಸಲ್ಲದು. ಲಿಂಗಪದಕ್ಕೆ ಕನ್ನಡದಲ್ಲಿ ಬೇರೆ ಅರ್ಥಗಳು ರೂಢವಾಗಿರುವುದರಿಂದ ಜೈವಿಕ ಸೂಚಕವೆಂಬ ಈಗಿನ ಪ್ರಯೋಗವೇ ಯುಕ್ತವೆಂದು ತೋರುತ್ತದೆ. ಆದರೆ ಸೂಚಕವು ಹೇತುವೆಂಬುದನ್ನು ಮರೆಯಬಾರದು. ಹೇತುವಾದ ಮೇಲೆ ಅದು ಸದ್ಧೇತುವೋ ಹೇತ್ವಾಭಾಸವೋ ಎಂಬ ಪರೀಕ್ಷೆಗೆ ಒಳಪಡಲೇಬೇಕು.

ಮೊದಲನೆಯದು ಸಿ-ರಿಯಾಕ್ಟಿವ್ ಪ್ರೋಟೀನು. ೧೯೩೦ ರಲ್ಲಿ ಟಿಲ್ಲೆಟ್ ಮತ್ತು ಫ್ರಾನ್ಸಿಸ್ ಎಂಬವರು ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಇದನ್ನು ಕಂಡರು. ಶ್ವಾಸರೋಗಿಗಳಲ್ಲಿ ಇದು ಸದಾ ಹೆಚ್ಚಾಗಿದ್ದರೆ ಮುಂದಿನ ಅಪಾಯವೂ ಹೆಚ್ಚೆಂದು ಕಂಡುಬಂದಿದೆ. ಆದರೆ ಕಾಲಿನ ಹುಣ್ಣಿನಿಂದಲೂ ಕೀಲುನೋವಿನಿಂದಲೂ ಇದು ಏರುತ್ತದೆ. ಸಾಧ್ಯವಿಲ್ಲದೆಡೆಯಲ್ಲಿಯೂ ಇರುವ ಇಂಥ ಹೇತುವನ್ನು ತಾರ್ಕಿಕರು ಸವ್ಯಭಿಚಾರವೆನ್ನುತ್ತಾರೆ. ಹಾಗೆಂದು ಇದು ನಿರರ್ಥಕವಲ್ಲ. ಪ್ರಶ್ನೆಯನ್ನು ಕಿರಿದುಮಾಡಿದರೆ ಉತ್ತರವು ದೊರೆಯುತ್ತದೆ. ರೋಗವು ಉಲ್ಬಣಿಸಿದಾಗ ಆಂಟಿಬಯೋಟಿಕ್ ಬೇಕೇ ಬೇಡವೇ ಎಂಬುದನ್ನು ಈ ಪ್ರೋಟೀನಿನ ನೆರವಿನಿಂದ ನಿಶ್ಚಯಿಸುವ ಕ್ರಮವನ್ನು ಬ್ರಿಟನ್ನಿನಲ್ಲಿ ಪರೀಕ್ಷಿಸಿದರು. ೨೦೧೯ ರಲ್ಲಿ ಪ್ರಕಟವಾದ ಫಲಿತಾಂಶದಂತೆ ಆ ಔಷಧವನ್ನು ಸೇವಿಸಿದವರು ನೂರಕ್ಕೆ ೭೭ ರಿಂದ ೫೭ ಕ್ಕೆ ಇಳಿದರು. ರೋಗಿಗಳಿಗೆ ಹಾನಿಯೂ ಕಾಣಲಿಲ್ಲ.

ಎರಡನೆಯದು ಫೈಬ್ರಿನೋಜನ್, ಎಂದರೆ ರಕ್ತವನ್ನು ಹೆಪ್ಪುಗಟ್ಟಿಸುವ ದ್ರವ್ಯ. ಎಕ್ಲಿಪ್ಸ್ ಎಂಬ ಅಂತರರಾಷ್ಟ್ರೀಯ ಅಧ್ಯಯನದಲ್ಲಿ ಎರಡು ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಮೂರು ವರ್ಷ ಅನುಸರಿಸಿದಾಗ, ಸೂಚಕಗಳಲ್ಲಿ ಇದು ಹೆಚ್ಚು ಸ್ಥಿರವಾದುದೆಂದು ತಿಳಿಯಿತು. ೨೦೧೫ ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು, ಹೊಸ ಔಷಧಗಳ ಪರೀಕ್ಷೆಗೆ ಹೆಚ್ಚು ಅಪಾಯದ ರೋಗಿಗಳನ್ನು ಆರಿಸುವ ಸಾಧನವಾಗಿ ಇದನ್ನು ಅಂಗೀಕರಿಸಿತು. ಆದರೆ ಇಲ್ಲಿ ಉಪಾಧಿಯ ಶಂಕೆಯುಂಟು. ಬೆಂಕಿಯಿದ್ದಲ್ಲೆಲ್ಲ ಹೊಗೆಯೆನ್ನುವಂತಿಲ್ಲ, ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹಸಿಸೌದೆಯ ಸಂಯೋಗವೆಂಬ ಉಪಾಧಿಯಿದ್ದರೆ ಮಾತ್ರ ಹೊಗೆ. ಹಾಗೆಯೇ ವಯಸ್ಸು, ಧೂಮಪಾನ, ಹೃದ್ರೋಗಗಳಿಂದಲೂ ಫೈಬ್ರಿನೋಜನ್ ಹೆಚ್ಚುವುದರಿಂದ, ಇವನ್ನು ಬೇರ್ಪಡಿಸಿ ನೋಡದೆ ವ್ಯಾಪ್ತಿಯನ್ನು ಹೇಳಲಾಗದು.

ಮೂರನೆಯದು ಇಯೊಸಿನೋಫಿಲ್ ಎಂಬ ಬಿಳಿಯ ರಕ್ತಕಣ. ಇದು ರೋಗದ ದರ್ಜೆಯನ್ನು ತಿಳಿಸದು; ಯಾವ ಔಷಧವು ಹತ್ತುವುದೆಂಬುದನ್ನು ತಿಳಿಸುತ್ತದೆ. ಒಂದು ಮೈಕ್ರೊಲೀಟರ್ ರಕ್ತದಲ್ಲಿ ಇವು ೩೦೦ ಅಥವಾ ಅದಕ್ಕೂ ಹೆಚ್ಚಾಗಿದ್ದರೆ, ಉಲ್ಬಣವು ಮರುಕಳಿಸುವ ರೋಗಿಗೆ ಸೇದುವ ಸ್ಟೆರಾಯ್ಡಿನಿಂದ ಪ್ರಯೋಜನವು ಸಂಭವ. ೧೦೦ ಕ್ಕಿಂತ ಕಡಮೆಯಾಗಿದ್ದರೆ ಪ್ರಯೋಜನವು ಅಸಂಭವಪ್ರಾಯ. ಬರಿಗಾಲಿನಲ್ಲಿ ಹೊಲ ಕಾಡುಗಳಲ್ಲಿ ನಡೆಯುವವರಿಗೆ ಕೊಕ್ಕೆಹುಳುವಿನ ಬಾಧೆಯಿದ್ದರೂ ಇವು ಏರುತ್ತವೆ. ಆದಕಾರಣ ಪರದೇಶದ ಅಂಕವನ್ನು ಹಾಗೆಯೇ ಹನೂರಿನ ಕೂಲಿಗಾರನಿಗೆ ಅನ್ವಯಿಸುವ ಮೊದಲು ಹೊಟ್ಟೆಯ ಹುಳುವನ್ನು ವಿಚಾರಿಸಬೇಕು.

ನಾಲ್ಕನೆಯದು ವಿಲಕ್ಷಣವಾದುದು, ಇಲ್ಲಿ ಅಭಾವವೇ ಹೇತು. ೧೯೬೩ ರಲ್ಲಿ ಸ್ವೀಡನ್ನಿನ ಲಾರೆಲ್ ಮತ್ತು ಎರಿಕ್ಸನ್ ಎಂಬವರು ರಕ್ತದ ಪ್ರೋಟೀನುಗಳ ಪಟ್ಟಿಯಲ್ಲಿ ಇರಬೇಕಾದ ಗೆರೆಯೊಂದು ಕೆಲವರಲ್ಲಿ ಇಲ್ಲದುದನ್ನು ಕಂಡರು. ಆಲ್ಫಾ-೧ ಆಂಟಿಟ್ರಿಪ್ಸಿನ್ ಎಂಬ ಆ ದ್ರವ್ಯವು ಶ್ವಾಸಕೋಶವನ್ನು ಕಾಯತಕ್ಕದ್ದು. ಅದಿಲ್ಲದವನ ಗಾಳಿಗೂಡುಗಳು ಬೇಗನೆ ನಶಿಸುತ್ತವೆ. ಇಲ್ಲಿ ಹೇತುವಿಗೂ ಸಾಧ್ಯಕ್ಕೂ ಕಾರ್ಯಕಾರಣಸಂಬಂಧವೇ ಉಂಟು. ಆದುದರಿಂದ ಈ ಸೂಚಕವು ಉಳಿದವುಗಳಿಗಿಂತ ಬಲವಾದುದು. ಆದರೆ ಇಂಥವರು ವಿರಳ.

ಹೀಗೆ ವಿಮರ್ಶಿಸಿದಲ್ಲಿ, ಶ್ವಾಸಮಾಪಕದ ಸ್ಥಾನವನ್ನು ಆಕ್ರಮಿಸಬಲ್ಲ ರಕ್ತಸೂಚಕವು ಈವರೆಗೆ ಒಂದೂ ಇಲ್ಲವೆಂದು ಸಿದ್ಧವಾಗುತ್ತದೆ. ಸೂಚಕವು ಸಮವಾಗಿದೆಯೆಂದು ಏದುಸಿರಿನ ರೋಗಿಯನ್ನು ಮನೆಗೆ ಕಳುಹಿಸುವುದು ದೋಷ. ಏರಿದೆಯೆಂದು ಮಾತ್ರಕ್ಕೆ ರೋಗವನ್ನು ಆರೋಪಿಸುವುದೂ ದೋಷ. ಉಸಿರಿನ ಅಳತೆ, ರೋಗಿಯ ಮಾತು, ರಕ್ತದ ಸೂಚನೆ ಈ ಮೂರೂ ಪರಸ್ಪರ ಸಂವಾದಿಯಾದರೆ ನಿರ್ಣಯವು ದೃಢವಾಗುವುದು.

ಯಂತ್ರವನ್ನೂ ಸೂಜಿಯನ್ನೂ ಬೇಡದ ಇನ್ನೊಂದು ಗಣನೆಯುಂಟು. ಮೈಸೂರು ಜಿಲ್ಲೆಯ ಗ್ರಾಮಸ್ತ್ರೀಯರನ್ನು ಪರೀಕ್ಷಿಸಿದ ವೈದ್ಯರು ೨೦೧೩ ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ದಿನಕ್ಕೆ ಒಲೆಯ ಮುಂದೆ ಕಳೆವ ಗಂಟೆಗಳನ್ನು ವರ್ಷಗಳಿಂದ ಗುಣಿಸಿ, ಆ ಗುಣಲಬ್ಧವು ೬೦ ನ್ನು ಮುಟ್ಟಿದಲ್ಲಿಂದ ದೀರ್ಘಕಾಲಿಕ ಕಾಸದ ಅಪಾಯವು ಗಣನೀಯವಾಗುವುದೆಂದು ತೋರಿಸಿದರು. ದಿನಕ್ಕೆ ನಾಲ್ಕು ಗಂಟೆಯಂತೆ ಹದಿನೈದು ವರ್ಷ ಅಡುಗೆ ಮಾಡಿದವಳು ಆ ಗಡಿಯನ್ನು ಮುಟ್ಟಿರುತ್ತಾಳೆ. ಹದಿನೆಂಟರಲ್ಲಿ ಒಲೆ ಹಿಡಿದವಳಿಗೆ ಆಗ ಮೂವತ್ತಮೂರು. ರಕ್ತದಲ್ಲಿ ಕಾಣುವುದು ಕಾರ್ಯ. ಒಲೆಯ ಮೇಲೆ ಕಾಣುವುದು ಕಾರಣ. ಕಾರಣವು ಕಣ್ಣೆದುರಿಗಿರುವಾಗ ಕಾರ್ಯದ ಸೂಚಕಕ್ಕಾಗಿ ಕಾಯುತ್ತ ಕುಳ್ಳಿರುವುದು ವಿವೇಕವೆನಿಸದು. ಹೊಗೆ ಹೋಗಲು ದಾರಿಮಾಡುವುದು ಚಿಕಿತ್ಸೆಯ ಮೊದಲನೆಯ ಪಾದ.