ಬಿರುಗೂದಲ ಹುಳುಗಳ ವಂಶಾವಳಿ

ಬಳ್ಳಾರಿಯ ವಿದ್ಯಾರ್ಥಿಗಳಿಗೆ ಕಡಲು ದೂರದ್ದು. ಆದರೆ ಮಳೆಗಾಲದಲ್ಲಿ ಕುರುಗೋಡಿನ ತೋಟಗಳಲ್ಲಿಯೂ ತುಂಗಭದ್ರೆಯ ನೀರುಣ್ಣುವ ಸಿರುಗುಪ್ಪದ ಗದ್ದೆಗಳ ಬದುಗಳಲ್ಲಿಯೂ ಎರೆಹುಳುವನ್ನು ಕಾಣದವರಿಲ್ಲ. ಅದರ ಮೈಯನ್ನು ಬಾಲದಿಂದ ತಲೆಯ ಕಡೆಗೆ ಮೆಲ್ಲನೆ ಸವರಿದರೆ ಬೆರಳಿಗೆ ತುಸು ಒರಟು ತಾಗುವುದು. ಚರ್ಮದಲ್ಲಿ ನಾಟಿರುವ ಕಿರಿದಾದ ಬಿರುಗೂದಲುಗಳೇ ಇದಕ್ಕೆ ಕಾರಣ. ಕಡಲಿನ ಹುಳುಗಳೊಡನೆ ಇದಕ್ಕಿರುವ ನಂಟಿಗೆ ಈ ಕೂದಲುಗಳೂ ಒಂದು ಸಾಕ್ಷಿ.

ಕಡಲಿನ ಬಿರುಗೂದಲ ಹುಳುಗಳ ದೇಹವೂ ಉಂಗುರಗಳನ್ನು ಸಾಲಾಗಿ ಜೋಡಿಸಿದಂತಿರುತ್ತದೆ. ಬಹುಪಾಲು ಹುಳುಗಳಲ್ಲಿ ಒಂದೊಂದು ಉಂಗುರದ ಇಕ್ಕೆಲಗಳಲ್ಲಿಯೂ ಮಾಂಸಲವಾದ ಕಾಲಿನಂತಹ ಅಂಗವಿದ್ದು, ಅದರಿಂದ ಕೂದಲಿನ ಗೊಂಚಲುಗಳು ಹೊರಚಾಚಿರುತ್ತವೆ. ಕೆಲವು ಹರಿದಾಡಿ ಬೇಟೆಯಾಡುತ್ತವೆ. ಕೆಲವು ಕೊಳವೆ ಕಟ್ಟಿಕೊಂಡು ಒಂದೆಡೆಯೇ ಬಾಳುತ್ತವೆ. ಈವರೆಗೆ ಹೆಸರು ಪಡೆದ ಪ್ರಭೇದಗಳು 10,000ಕ್ಕೂ ಮಿಗಿಲು.

ಇಷ್ಟೊಂದು ಜೀವಿಗಳನ್ನು ಗುರುತಿಸುವುದೆಂತು? 1758ರಲ್ಲಿ ಸ್ವೀಡನ್ನಿನ ಲಿನೀಯಸ್ ಪ್ರಾಣಿಗಳಿಗೆಲ್ಲ ಎರಡೆರಡು ಪದಗಳ ಹೆಸರಿಟ್ಟನು. ಗ್ರೀಕ್ ಪುರಾಣದ ಜಲಕನ್ಯೆಯರನ್ನು ನೆನೆದು ಒಂದು ಕಡಲಹುಳುವಿನ ಜಾತಿಯನ್ನು ‘ನೀರೀಸ್’ ಎಂದು ಕರೆದನು. ಆದರೆ ಅವನ ‘ಹುಳು’ಗಳ ಗುಂಪಿನಲ್ಲಿ ಬಸವನಹುಳುವೂ ನಕ್ಷತ್ರಮೀನೂ ಸೇರಿದ್ದವು! ಮುಂದೆ ಫ್ರಾನ್ಸಿನ ಲಾಮಾರ್ಕ್ ಉಂಗುರದೇಹಿಗಳಿಗೆ ಪ್ರತ್ಯೇಕ ಸ್ಥಾನ ಕೊಟ್ಟನು. 1850ರಲ್ಲಿ ಗ್ರೂಬೆ ಎಂಬ ವಿದ್ವಾಂಸನು ಬಹಳ ಕೂದಲಿನವನ್ನು ‘ಪಾಲಿಕೀಟ’ ಎಂದೂ ಕೆಲವೇ ಕೂದಲಿನವನ್ನು ‘ಆಲಿಗೋಕೀಟ’ ಎಂದೂ ವಿಂಗಡಿಸಿದನು. ಎರೆಹುಳು ಎರಡನೆಯ ಗುಂಪಿಗೆ ಸೇರಿತು. ಭಾರತದ ಕಡಲಹುಳುಗಳನ್ನು ಕುರಿತು ಫೋವೆಲ್ ರಚಿಸಿದ ಗ್ರಂಥವು 1953ರಲ್ಲಿ ಪ್ರಕಟವಾಯಿತು. ತಲೆಯ ಸ್ಪರ್ಶಾಂಗಗಳು, ದವಡೆಯ ಹಲ್ಲುಗಳು, ಸೂಕ್ಷ್ಮದರ್ಶಕದಲ್ಲಿ ಕಾಣುವ ಕೂದಲಿನ ಆಕಾರ — ಪ್ರಭೇದವನ್ನು ನಿರ್ಣಯಿಸುವ ಲಕ್ಷಣಗಳು ಇವು.

ಹೆಸರಿಟ್ಟ ಮಾತ್ರಕ್ಕೆ ಕೆಲಸ ಮುಗಿಯದು. ನಮ್ಮ ಪಠ್ಯಪುಸ್ತಕಗಳಲ್ಲಿ ಹೆಸರಾದ ಎರೆಹುಳುವನ್ನೇ ನೋಡಿರಿ. 1868ರಲ್ಲಿ ವೈಯಾಂ ಅದನ್ನು ‘ಪೆರಿಕೀಟ ಪಾಸ್ತುಮ’ ಎಂದು ಕರೆದನು. ಅನಂತರ ಅದು ‘ಫೆರೆಟಿಮ ಪಾಸ್ತುಮ’ ಆಯಿತು; 1972ರಲ್ಲಿ ‘ಮೆಟಫೈರ್ ಪಾಸ್ತುಮ’ ಆಯಿತು. ಜಾತಿ ಬದಲಾದರೂ ಪ್ರಭೇದದ ಹೆಸರು ಉಳಿಯುವುದು. ಮೊದಲು ಹೆಸರಿಟ್ಟವನ ಹೆಸರನ್ನು ಆವರಣದೊಳಗೆ ಬರೆಯುವುದು ನಿಯಮ. ಆವರಣವನ್ನು ಕಂಡೊಡನೆ, ಈ ಪ್ರಭೇದ ತನ್ನ ಮೊದಲ ಜಾತಿಯಲ್ಲಿಲ್ಲವೆಂದು ತಿಳಿಯಬೇಕು. ವಿನೋದವೆಂದರೆ, ‘ಕೆಲವೇ ಕೂದಲಿನ’ ಈ ಹುಳುವಿನ ಒಂದೊಂದು ಉಂಗುರದಲ್ಲಿಯೂ 80ರಿಂದ 120 ಕೂದಲುಗಳಿವೆ!

ಅದಕ್ಕಿಂತ ದೊಡ್ಡ ತಿದ್ದುಪಡಿ ಆನುವಂಶಿಕ ವಸ್ತುವಿನ ಪರೀಕ್ಷೆಯಿಂದ ಬಂದಿತು. ಎರೆಹುಳುವೂ ಜಿಗಣೆಯೂ ಕಡಲಿನ ಬಿರುಗೂದಲ ಹುಳುಗಳ ವಂಶದೊಳಗಿನ ಕವಲುಗಳೇ ಎಂಬುದನ್ನು 2011ರಲ್ಲಿ ಪ್ರಕಟವಾದ ವಿಸ್ತಾರವಾದ ಅಧ್ಯಯನವೊಂದು ಬಲಪಡಿಸಿತು. ಕೊಳವೆವಾಸಿಗಳು ಸೇರಿರುವ ಶಾಖೆಯೇ ಅವುಗಳದ್ದು. ಹಾಗಾದರೆ ಎರೆಹುಳುವನ್ನು ಹೊರಗಿಟ್ಟ ‘ಪಾಲಿಕೀಟ’ವು, ಪರಊರಿಗೆ ಹೋಗಿ ನೆಲೆಸಿದ ತಮ್ಮನ ಮಕ್ಕಳನ್ನು ಕೈಬಿಟ್ಟು ಬರೆದ ವಂಶಾವಳಿಯಂತೆ ಅಪೂರ್ಣ. ಆ ಹೆಸರು ಅನುಕೂಲಕ್ಕಾಗಿ ಇಂದಿಗೂ ಬಳಕೆಯಲ್ಲಿದೆ. ನಿಜವಾದ ನಂಟನ್ನು ಮಾತ್ರ ಅದು ಪೂರ್ತಿಯಾಗಿ ಹೇಳದು.

ವರ್ಗೀಕರಣವೆಂದರೆ ಬಾಯಿಪಾಠದ ಪಟ್ಟಿಯಲ್ಲ. ರಕ್ತಸಂಬಂಧವನ್ನು ಕುರಿತ ಊಹೆ. ಸಾಕ್ಷ್ಯ ಹೆಚ್ಚಿದಂತೆ ಅದು ತಿದ್ದುಪಡಿಯಾಗಬೇಕು. ಗದ್ದೆಯ ಬದುವಿನ ಎರೆಹುಳು ಕಡಲನ್ನು ಕಾಣದಿದ್ದರೇನು? ಅದರ ಪೂರ್ವಜರ ತವರು ಕಡಲೇ.