ಆಜ್ಞೆಯಿಲ್ಲದೆಡೆ ಶಿಸ್ತು

ಸೈನಿಕನ ಶಿಸ್ತೆಂದರೆ ಆಜ್ಞಾಪಾಲನೆ ಎಂಬುದು ಸಾಮಾನ್ಯ ತಿಳಿವಳಿಕೆ. ಆಜ್ಞೆ ಕೊಡುವವರೇ ಇಲ್ಲದಾಗ? ಕೊಡಗಿನ ಕೆ.ಎಂ. ಕಾರ್ಯಪ್ಪನವರ ಬದುಕಿನಲ್ಲಿ ಇದಕ್ಕೆ ಉತ್ತರವಿದೆ.

1949ರ ಜನವರಿ 15ರಂದು ನಮ್ಮ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದ ಅವರು 1953ರಲ್ಲಿ ನಿವೃತ್ತರಾದರು. 1965ರ ಯುದ್ಧದಲ್ಲಿ, ವಾಯುಪಡೆಯಲ್ಲಿದ್ದ ಅವರ ಮಗ ಪಾಕಿಸ್ತಾನಕ್ಕೆ ಸೆರೆಸಿಕ್ಕರು. ಅಲ್ಲಿನ ಅಧ್ಯಕ್ಷ ಅಯೂಬ್ ಖಾನ್, ದೇಶ ವಿಭಜನೆಗೆ ಮುಂಚೆ ಕಾರ್ಯಪ್ಪನವರ ಕೈಕೆಳಗೆ ದುಡಿದವರು. ಮಗನಿಗೆ ವಿಶೇಷ ಸವಲತ್ತು ನೀಡಲು ಅವರು ಮುಂದಾದಾಗ, ಸೆರೆಯಲ್ಲಿರುವ ಭಾರತೀಯ ಸೈನಿಕರೆಲ್ಲರೂ ತಮ್ಮ ಮಕ್ಕಳೇ ಎಂದು ಹೇಳಿ ತಂದೆ ನಿರಾಕರಿಸಿದ್ದು ಪ್ರಸಿದ್ಧ. ಮಗ ಮರಳಿದ್ದು 1966ರ ಜನವರಿಯಲ್ಲಿ.

ಹೀಗೆ ನಿರಾಕರಿಸೆಂದು ನಿವೃತ್ತ ಸೇನಾನಿಗೆ ಯಾರೂ ಆಜ್ಞಾಪಿಸಿರಲಿಲ್ಲ. ತನ್ನವರಿಗೂ ಇತರರಿಗೂ ಒಂದೇ ನಿಯಮವೆಂಬುದನ್ನು ಅವರು ತಾವಾಗಿ ಪಾಲಿಸಿದರು.