ಎಂ.ಲಿಬ್. ಮುಗಿಸಿದವರು ಎಲ್ಲಿ ಹೋದರು?

ಗ್ರಂಥಾಲಯ ವಿಜ್ಞಾನದ ಸ್ನಾತಕೋತ್ತರ ಕೋರ್ಸಾದ ಎಂ.ಲಿಬ್. ಸೇರಲು ಬಂದವರು ಮೊದಲು ಕೇಳುವುದು ಒಂದೇ ಮಾತು: ಓದಿದ ಮೇಲೆ ಕೆಲಸ ಸಿಗುತ್ತದಾ? ಅದಕ್ಕೆ ವಿಭಾಗದವರ ಬಾಯಲ್ಲಿ ನಾಲ್ಕೈದು ಹೆಸರು ಸಿದ್ಧವಿರುತ್ತವೆ. ಒಬ್ಬರು ವಿಶ್ವವಿದ್ಯಾಲಯದ ಗ್ರಂಥಪಾಲಕರು, ಒಬ್ಬರು ಐಟಿ ಕಂಪನಿಯಲ್ಲಿ, ಇನ್ನೊಬ್ಬರು ದುಬೈನಲ್ಲಿ. ಆ ಬ್ಯಾಚಿನ ಉಳಿದವರು ಏನಾದರು ಎಂದರೆ ಮಾತು ಬೇರೆ ಕಡೆ ಹೊರಳುತ್ತದೆ. ಯಾವ ಪುಸ್ತಕ ಯಾರ ಕೈಯಲ್ಲಿದೆ ಎಂದು ಕ್ಷಣದಲ್ಲಿ ಹೇಳಬಲ್ಲ ವೃತ್ತಿಗೆ ತನ್ನವರ ಸುಳಿವೇ ಇಲ್ಲದಿರುವುದು ಸೋಜಿಗ.

ಈ ಸುಳಿವು ಹಿಡಿಯುವ ಕೆಲಸ ದೊಡ್ಡ ಪ್ರಮಾಣದಲ್ಲಿ ನಡೆದದ್ದು ಅಮೆರಿಕದ ಉತ್ತರ ಕ್ಯಾರೊಲಿನಾದಲ್ಲಿ. ಎರಡನೆಯ ಮಹಾಯುದ್ಧದ ನಂತರ ಹುಟ್ಟಿದ ಪೀಳಿಗೆಯ ಗ್ರಂಥಪಾಲಕರು ಸಾಲುಸಾಲಾಗಿ ನಿವೃತ್ತರಾದರೆ ಜಾಗ ತುಂಬುವವರು ಯಾರು ಎಂಬ ಆತಂಕ ಅಲ್ಲಿತ್ತು. ಚಾಪೆಲ್ ಹಿಲ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕಿ ಜೋಆನ್ ಗಾರ್ಡ್ ಮಾರ್ಷಲ್ ಅವರ ತಂಡ 1964ರಿಂದ 2007ರವರೆಗೆ ಆ ರಾಜ್ಯದಲ್ಲಿ ಗ್ರಂಥಾಲಯ ವಿಜ್ಞಾನ ಓದಿದವರನ್ನು ಹುಡುಕಿ ಹೊರಟಿತು. ಅಧ್ಯಯನಕ್ಕೆ ಬಿದ್ದ ಹೆಸರು ವಿಲಿಸ್. 7,569 ಮಂದಿಯನ್ನು ಕೇಳಲಾಯಿತು. 2,653 ಮಂದಿ ಉತ್ತರಿಸಿದರು.

ಇದರ ಜಾಣತನವಿರುವುದು ಪ್ರಶ್ನೆಗಳಲ್ಲಿ. ನಲವತ್ತು ವರ್ಷ ದುಡಿದವರ ಬಳಿ ಎಲ್ಲ ಕೆಲಸಗಳ ಪಟ್ಟಿ ಕೇಳಿದರೆ ಅರ್ಧಕ್ಕೇ ಕೈಬಿಡುತ್ತಾರೆ. ಈಗಿನ ಕೆಲಸವೊಂದನ್ನೇ ಕೇಳಿದರೆ ಹಾದಿ ಕಾಣುವುದಿಲ್ಲ. ಹಾಗಾಗಿ ಐದು ಕೆಲಸಗಳನ್ನು ಆರಿಸಿಕೊಂಡರು: ಕೋರ್ಸಿಗೆ ಮುಂಚಿನದು, ಮುಗಿದ ಮೇಲಿನ ಮೊದಲನೆಯದು, ಅತಿ ದೀರ್ಘಕಾಲ ಮಾಡಿದ್ದು, ಏರಿದ ಅತಿ ಎತ್ತರದ್ದು, ಈಗಿನದು. ‘ದೀರ್ಘಕಾಲದ್ದು’ ಮತ್ತು ‘ಎತ್ತರದ್ದು’ ಬೇರೆಬೇರೆ ಎಂದು ಗುರುತಿಸಿದ್ದು ನನಗೆ ಬಹಳ ಹಿಡಿಸಿತು. ಮುಖ್ಯ ಗ್ರಂಥಪಾಲಕಿಯಾಗಿ ಎರಡು ವರ್ಷ ಇದ್ದು, ಮನೆಯ ಕಾರಣಕ್ಕೆ ಸಣ್ಣ ಹುದ್ದೆಗೆ ಮರಳಿ ಅಲ್ಲೇ ಇಪ್ಪತ್ತು ವರ್ಷ ಕಳೆದವರ ಕತೆ ಆಗ ಮಾತ್ರ ಬೆಳಕಿಗೆ ಬರುತ್ತದೆ. ಮಹಿಳೆಯರೇ ಹೆಚ್ಚಿರುವ ವೃತ್ತಿಯಲ್ಲಿ ಕೆಲಸ ಬಿಟ್ಟ ವರ್ಷಗಳೂ ದತ್ತಾಂಶವೇ: ಯಾವಾಗ ಬಿಟ್ಟರು, ಯಾಕೆ, ಮರಳಿದರೋ ಇಲ್ಲವೋ.

ಇಂಥ ಸಮೀಕ್ಷೆಯನ್ನು ನಮ್ಮಲ್ಲಿ ಮಾಡಹೊರಟರೆ ಎಲ್ಲಕ್ಕೂ ಮೊದಲಿನ ಗೋಳು ವಿಳಾಸದ್ದು. ಕಾಲೇಜಿನ ಕಡತದಲ್ಲಿರುವುದು ಓದುವಾಗಿನ ಹಾಸ್ಟೆಲ್ ವಿಳಾಸ, ಬದಲಾದ ಫೋನ್ ನಂಬರು, ಮದುವೆಗೆ ಮುಂಚಿನ ಇನಿಷಿಯಲ್ಲು. ಬ್ಯಾಚಿನ ವಾಟ್ಸ್‌ಆ್ಯಪ್ ಗುಂಪಿನಿಂದ ನಂಬರು ಸಿಗುತ್ತದೆ, ಆದರೆ ಅಲ್ಲೇ ಸಮೀಕ್ಷೆ ಮಾಡುವುದು ಅಪಾಯ. ಹುದ್ದೆ ಸಿಕ್ಕವರು ಗುಂಪಿನಲ್ಲಿ ಚುರುಕಾಗಿರುತ್ತಾರೆ. ಸಿಗದವರು ಎಂದೋ ಎಕ್ಸಿಟ್ ಆಗಿರುತ್ತಾರೆ. ಉತ್ತರಿಸದವರೂ ಉತ್ತರಿಸಿದವರಂತೆಯೇ ಇದ್ದಾರೆಂದು ನಂಬಿಬಿಟ್ಟರೆ ಇಡೀ ಲೆಕ್ಕ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಮೊದಲ ಕರೆಗೇ ಉತ್ತರಿಸಿದವರನ್ನೂ ಮೂರು ಬಾರಿ ನೆನಪಿಸಿದ ಮೇಲೆ ಉತ್ತರಿಸಿದವರನ್ನೂ ಹೋಲಿಸಿ ನೋಡುವುದು ಒಂದು ಹಳೆಯ ಉಪಾಯ. ಇಬ್ಬರ ನಡುವೆ ವ್ಯತ್ಯಾಸ ದೊಡ್ಡದಿದ್ದರೆ, ಕೊನೆಗೂ ಉತ್ತರಿಸದವರು ಇನ್ನಷ್ಟು ಬೇರೆ ಇದ್ದಾರೆಂದು ಊಹಿಸಬೇಕು.

ವಿಲಿಸ್‌ನ ಎರಡನೆಯ ಹಂತದಲ್ಲಿ ಇದೇ ಮಾದರಿಯನ್ನು ಉತ್ತರ ಅಮೆರಿಕದ 39 ಕೋರ್ಸುಗಳಿಗೆ ಹಬ್ಬಿಸಿ, ಆಗ ಹೊಸದಾಗಿ ಪದವಿ ಪಡೆದಿದ್ದವರನ್ನು ಕೇಳಿದರು. ಎಲ್ಲರಿಗೂ ಸಮಾನ ಪ್ರಶ್ನೆಗಳಿದ್ದರೆ ಮಾತ್ರ ಒಂದು ವಿಭಾಗ ತನ್ನನ್ನು ಇನ್ನೊಂದರ ಪಕ್ಕ ನಿಲ್ಲಿಸಿ ನೋಡಬಹುದು. ಇನ್ನೂ ಒಂದು ಲಾಭವಿದೆ: ಹೊರಗಿನ ತಂಡ ಕೇಳಿದಾಗ ಹಳೆಯ ವಿದ್ಯಾರ್ಥಿಗಳು ‘ಕೋರ್ಸಿನಿಂದ ಏನೂ ಪ್ರಯೋಜನವಾಗಲಿಲ್ಲ’ ಎನ್ನಲೂ ಹಿಂಜರಿಯುವುದಿಲ್ಲ. ಮೇಷ್ಟ್ರೇ ಕೇಳಿದರೆ ಹಾಗೆ ಹೇಳುವವರು ಅಪರೂಪ.

ನಮ್ಮಲ್ಲಿ ನ್ಯಾಕ್ ಮಾನ್ಯತೆ ಮತ್ತು ಎನ್‌ಐಆರ್‌ಎಫ್ ಶ್ರೇಯಾಂಕಕ್ಕಾಗಿ ಕಾಲೇಜುಗಳು ಪ್ಲೇಸ್‌ಮೆಂಟ್ ಅಂಕಿ ತುಂಬುತ್ತವೆ: ಎಷ್ಟು ಮಂದಿಗೆ ಕೆಲಸ, ಮಧ್ಯಾಂಕ (ಮೀಡಿಯನ್) ಸಂಬಳ ಎಷ್ಟು, ಎಷ್ಟು ಮಂದಿ ಮುಂದೆ ಓದಿದರು. ಎಂ.ಬಿ.ಎ.ಗೆ ಇದು ಸಾಕಾದೀತು, ಎಂ.ಲಿಬ್.ಗೆ ಸಾಲದು. ಇಲ್ಲಿ ಅನೇಕರು ಖಾಸಗಿ ಶಾಲೆಯಲ್ಲಿ ಅಲ್ಪ ಸಂಬಳಕ್ಕೆ ಶುರುಮಾಡಿ, ನೆಟ್ ಅಥವಾ ಕೆಸೆಟ್ ಅರ್ಹತಾ ಪರೀಕ್ಷೆ ಪಾಸಾಗಿ, ನೇಮಕಾತಿ ಅಧಿಸೂಚನೆಗೆ ವರ್ಷಗಟ್ಟಲೆ ಕಾಯುತ್ತಾರೆ. ಮೊದಲ ವರ್ಷದ ಅಂಕಿ ಅವರ ಬಗ್ಗೆ ಹೆಚ್ಚೇನೂ ಹೇಳುವುದಿಲ್ಲ. ಒಂದು, ಐದು ಮತ್ತು ಹತ್ತು ವರ್ಷದ ಗಡಿಯಲ್ಲಿ ಅವರನ್ನೇ ಮತ್ತೆ ಕೇಳಬೇಕು.

ಯಾವುದಾದರೂ ವಿಭಾಗ ನಾಳೆಯೇ ತೊಡಗಬಹುದು. ವಿದ್ಯಾರ್ಥಿ ಅಂಕಪಟ್ಟಿ ಒಯ್ಯಲು ಬಂದ ದಿನವೇ ಕಾಲೇಜಿಗೆ ಸೇರದ ಸ್ವಂತ ಇಮೇಲ್, ಮನೆಯವರೊಬ್ಬರ ಫೋನ್ ಮತ್ತು ಮುಂದೆ ಸಂಪರ್ಕಿಸಲು ಲಿಖಿತ ಒಪ್ಪಿಗೆ ಪಡೆಯಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಮೂಲ ಆಶಯವೂ ಈ ಒಪ್ಪಿಗೆಯೇ. ಹುದ್ದೆಯ ಹೆಸರಿಗಿಂತ ಮಾಡುವ ಕೆಲಸವನ್ನು ಕೇಳಬೇಕು. ಪಂಚಾಯಿತಿ ಅರಿವು ಕೇಂದ್ರ (ಗ್ರಾಮ ಗ್ರಂಥಾಲಯ), ಕಾಲೇಜು, ಸಂಶೋಧನಾ ಸಂಸ್ಥೆ, ದತ್ತಾಂಶ ಕಂಪನಿಗಳ ಜತೆಗೆ ‘ಈ ಕ್ಷೇತ್ರದಲ್ಲಿಲ್ಲ’ ಎಂಬ ಆಯ್ಕೆಯೂ ಇರಬೇಕು, ಅದನ್ನು ಒತ್ತಿದವರಿಗೆ ಫಾರಂ ಅಲ್ಲಿಗೇ ಮುಗಿಯಬಾರದು. ಕೆಲಸ ಬದಲಿಸಿದವರು ಕ್ಯಾಟಲಾಗಿಂಗ್ ಕೌಶಲವನ್ನು ಬ್ಯಾಂಕಿನಲ್ಲೋ ಆಸ್ಪತ್ರೆಯ ದಾಖಲೆ ವಿಭಾಗದಲ್ಲೋ ಹೇಗೆ ಬಳಸುತ್ತಿದ್ದಾರೆ ಎಂಬುದು ಪಠ್ಯಕ್ರಮ ಸಮಿತಿಗೆ ನೇರವಾಗಿ ಬೇಕಾದ ಮಾಹಿತಿ.

ಫಲಿತಾಂಶ ಪ್ರಕಟಿಸುವಾಗ ಬ್ಯಾಚಿನ ಗಾತ್ರ ನೆನಪಿರಲಿ. ಹದಿನೈದು ಮಂದಿಯ ತರಗತಿಯಲ್ಲಿ ‘ವಿದೇಶದಲ್ಲಿರುವ ಒಬ್ಬರು, ಸಂಬಳ ಇಷ್ಟು’ ಎಂದರೆ ಹೆಸರು ಹಾಕಿದಂತೆಯೇ. ಕೋಷ್ಟಕದ ಯಾವ ಮನೆಯಲ್ಲಿ ಐದಕ್ಕಿಂತ ಕಡಿಮೆ ಮಂದಿ ಬೀಳುತ್ತಾರೋ ಅದನ್ನು ಮೂರ್ನಾಲ್ಕು ವರ್ಷಗಳ ಬ್ಯಾಚುಗಳೊಂದಿಗೆ ಕೂಡಿಸಿಯೇ ಹೊರಗೆ ಕೊಡಬೇಕು.